ಸೊಕ್ಕು ಅನ್ನೋ ಮೊದಲು ರಕ್ತ ಪರೀಕ್ಷೆ ಮಾಡ್ಸಿ!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ... ನಮ್ಮ ಈ ಬಿಸಿಲ ನಾಡಿನಲ್ಲಿ ಹೆಣ್ಮಕ್ಕಳ ಒಂದು ಕಾಯಿಲೆಗೆ ಊರವರೇ ಹೆಸರಿಟ್ಟುಬಿಟ್ಟಿದ್ದಾರೆ: "ಅಕಿಗಿ ಸೊಕ್ಕ ಬಂದದ!" ಮೈ ಊದಿದರೆ ಸೊಕ್ಕು. ಹೊತ್ತೇರಿದರೂ ಏಳಲಾಗದಿದ್ದರೆ ಸೊಕ್ಕು. ಎಲ್ಲರೂ ಫ್ಯಾನ್ ಕೆಳಗೆ ಕೂತಾಗ ಅವಳೊಬ್ಬಳು ಚಾದರ ಹೊದ್ದರೆ ನಾಟಕ.

ಸೊಕ್ಕಲ್ಲ ಕಣ್ರೀ, ಥೈರಾಯ್ಡ್ ಇರಬಹುದು. ಕುತ್ತಿಗೆಯ ಮುಂಭಾಗದಲ್ಲಿರುವ ಚಿಟ್ಟೆಯಾಕಾರದ ಈ ಗ್ರಂಥಿಯ ಹಾರ್ಮೋನು ಇಡೀ ದೇಹದ ವೇಗ ನಿರ್ಧರಿಸುತ್ತೆ. ಕಮ್ಮಿಯಾದರೆ ಎದೆಬಡಿತ ನಿಧಾನ, ಮಲಬದ್ಧತೆ, ಮುಟ್ಟಿನ ಏರುಪೇರು, ಕೂದಲು ಉದುರೋದು, ಮರೆವು. ಜಾಸ್ತಿಯಾದರೆ ಉಲ್ಟಾ: ಎಷ್ಟು ಉಂಡರೂ ಸೊರಗೋದು, ಎದೆ ಡವಡವ, ಕೈ ನಡುಕ, ನಿದ್ದೆಯಿಲ್ಲ. ಆಗ "ಗಾಳಿ ಸೋಕ್ಯದ" ಅಂತಾರೆ!

ಪತ್ತೆಗೆ ಮೊದಲು ಬೇಕಿರೋದು ಟಿಎಸ್ಎಚ್ ಎಂಬ ಒಂದು ರಕ್ತ ಪರೀಕ್ಷೆ. ಗ್ರಂಥಿ ಸೋತಾಗ "ಇನ್ನಷ್ಟು ಮಾಡು" ಅಂತ ಮೆದುಳಿನ ಬುಡದ ಪಿಟ್ಯುಟರಿ ಕೂಗೋ ಕೂಗು ಅದು; ಗ್ರಂಥಿ ಸೋತಷ್ಟೂ ಅದರ ಮಟ್ಟ ಏರುತ್ತೆ.

"ಉಪ್ಪಿನಲ್ಲಿ ಅಯೋಡಿನ್ ಇದೆಯಲ್ಲ?" ಅನ್ನೋರಿದ್ದಾರೆ. ಇದೆ. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದು ಅಂತ 2006ರಿಂದ ನಿಷೇಧವೂ ಇದೆ. ಆದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬಿದ್ದಾಗ ಉಪ್ಪು ಏನು ಮಾಡೀತು? ವಾಟ್ಸಾಪಿನಲ್ಲಿ ಬರೋ ಕೊತ್ತಂಬರಿ ನೀರೂ ಅಷ್ಟೇ. ಹಾರ್ಮೋನು ಕಮ್ಮಿಯಾದವರಿಗೆ ಬೇಕಿರೋದು ವೈದ್ಯರು ಅಳೆದು ಕೊಟ್ಟ ಥೈರಾಕ್ಸಿನ್ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ನೀರಿನ ಜೊತೆ. ಚಹಾ ಕನಿಷ್ಠ ಅರ್ಧ ಗಂಟೆ ಕಾಯಲಿ!

ನನ್ನ ನಿಜವಾದ ಸಿಟ್ಟು ಬೇರೆ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯೋದು ತಾಯಿಯ ಹಾರ್ಮೋನಿನಿಂದ. ಹುಟ್ಟಿನಿಂದಲೇ ಈ ಕೊರತೆಯಿರೋ ಕೂಸಿಗೆ ಮೊದಲ ಎರಡು ವಾರದೊಳಗೆ ಔಷಧಿ ಶುರುವಾಗಬೇಕು. ತಡವಾದರೆ ಬುದ್ಧಿಬೆಳವಣಿಗೆಯ ನಷ್ಟ ಪೂರ್ತಿ ತುಂಬಿಬರೋದಿಲ್ಲ. ಹಿಮ್ಮಡಿಯಿಂದ ತೆಗೆವ ನಾಲ್ಕು ಹನಿ ರಕ್ತದಲ್ಲಿ ತಿಳಿಯುವ ಸಂಗತಿ ಇದು!

2013ರಲ್ಲಿ 371(ಜೆ) ವಿಶೇಷ ಸ್ಥಾನಮಾನ ಬಂತು. ಅಭಿವೃದ್ಧಿ ಅಂದರೆ ಬರೀ ಕಾಂಕ್ರೀಟೇ? ಈ ಐದೂ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ಬಸುರಿಯ, ಪ್ರತಿ ಕೂಸಿನ ಪರೀಕ್ಷೆ ಪುಕ್ಕಟೆ ಆಗಲೇಬೇಕು. ಯಂತ್ರ ಇಲ್ಲದ ಕಡೆ ಕೂಲಿ ಬಿಟ್ಟು ಬಸುರಿ ಯಾಕೆ ಅಲೆಯಬೇಕು, ರಕ್ತದ ಸೀಸೆ ಓಡಾಡಲಿ. ವಾಡಿಯ ಸಿಮೆಂಟು ದೂರದೂರಕ್ಕೆ ಹೋಗುತ್ತೆ, ಒಂದು ಸೀಸೆ ರಕ್ತ ಕಲಬುರಗಿಗೆ ಹೋಗಲಾರದೇ?

ಏನಂತೀರಿ?