ತಿದ್ದಲಿ, ಆದರೆ ಹೇಳಿ ತಿದ್ದಲಿ

ಅಡಿಕೆ ಅಂಗಡಿಯ ಲೆಕ್ಕಪುಸ್ತಕದಲ್ಲಿ ಅಂಕಿ ತಪ್ಪಿದರೆ ಏನು ಮಾಡ್ತಾರೆ? ಹಳೆಯ ಅಂಕಿ ಓದಲಿಕ್ಕೆ ಸಿಗುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕ್ತಾರೆ. ಕೆರೆದು ಅಳಿಸಿದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಜಾಗದ ಆಧಾರವೂ ಹಾಗೆಯೇ. 1908ರ ನೋಂದಣಿ ಕಾಯ್ದೆಯಂತೆ, ಅಳಿಸಿ ಬದಲಿಸಿದ ಕಡೆ ಬರೆದುಕೊಟ್ಟವರ ಸಹಿ ಇಲ್ಲದಿದ್ದರೆ ಅಧಿಕಾರಿ ಆ ಪತ್ರವನ್ನು ತೆಗೆದುಕೊಳ್ಳದೆ ಇರಬಹುದು.

ಅಂತರ್ಜಾಲದ ಸುದ್ದಿಗೆ ಈ ಕಟ್ಟುಪಾಡು ಬೇಡವೇ? ಬೆಳಿಗ್ಗೆ ಮೊಬೈಲಿನಲ್ಲಿ ಓದಿದ ವರದಿ ಸಂಜೆಗೆ ಬೇರೆಯೇ ಆಗಿರುತ್ತದೆ. ತಲೆಬರಹ ಬದಲು, ಅಂಕಿ ಬದಲು. 'ತಿದ್ದಿದ್ದೇವೆ' ಎಂಬ ಒಂದು ಸಾಲೂ ಇಲ್ಲ. ಒಮ್ಮೆ ಒಂದು ಜಾಲತಾಣದಲ್ಲಿ ಅಡಿಕೆ ಧಾರಣೆ ಏರಿದೆ ಅಂತ ಓದಿ ನೆರೆಕರೆಯವರಿಗೆ ಹೇಳಿದೆ. ಅವರು ತೆರೆದು ನೋಡುವಾಗ ಅಲ್ಲಿ ಬೇರೆ ಅಂಕಿ. ಸುಳ್ಳುಗಾರನಾದವನು ನಾನು, ವರದಿ ಬರೆದವನಲ್ಲ.

ಧಾರಣೆಯ ಮಾತು ಹೋಗಲಿ. ಗಡಿನಾಡಿನಲ್ಲಿ ಒಂದು ಅಕ್ಷರಕ್ಕೂ ವ್ಯಾಜ್ಯ ಉಂಟು. 2021ರ ಜೂನ್ ತಿಂಗಳಲ್ಲಿ ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳನ್ನು ಮಲಯಾಳಕ್ಕೆ ಬದಲಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಮಧೂರು 'ಮಧುರಂ', ಮಲ್ಲ 'ಮಲ್ಲಂ' ಆಗುತ್ತದೆ ಎಂದು ಪಟ್ಟಿಗಳು ಓಡಾಡಿದವು. ಕರ್ನಾಟಕದ ನಾಯಕರು ವಿರೋಧಿಸಿದರು. ಅಂಥ ಕ್ರಮವೇ ಇಲ್ಲವೆಂದು ಕೇರಳದ ಕಡೆಯಿಂದ ಸ್ಪಷ್ಟನೆ ಬಂತು. ಇಂಥ ಹೊತ್ತಿನಲ್ಲಿ ಯಾವುದಾದರೂ ವರದಿ 'ಬದಲಾವಣೆ' ಎಂದದ್ದನ್ನು ಸದ್ದಿಲ್ಲದೆ 'ಬದಲಾವಣೆಯ ಆರೋಪ' ಎಂದು ಮಾಡಿದರೆ, ಮೊದಲಿನದನ್ನು ನಂಬಿ ಮನವಿ ಬರೆದವನ ಗತಿ ಏನು? ನಮ್ಮ ಊರಿನ ಹೆಸರು ಹೇಳದೆ ಕೇಳದೆ ಬದಲಾಗಬಾರದು ಎನ್ನುವ ನಾವು, ಸುದ್ದಿ ಹಾಗೆ ಬದಲಾಗುವುದನ್ನು ಒಪ್ಪಲಿಕ್ಕೆ ಆಗುತ್ತದೆಯೇ?

ಸಣ್ಣ ಅಕ್ಷರದೋಷಕ್ಕೂ ಟಿಪ್ಪಣಿ ಬೇಕೆಂದು ನಾವು ಹೇಳುತ್ತಿಲ್ಲ. ಹೆಸರು, ಅಂಕಿ, ಆರೋಪ ಬದಲಾದರೆ ಏನು ಬದಲಾಯಿತು, ಯಾವಾಗ ಎಂದು ವರದಿಯ ಅಡಿಯಲ್ಲಿ ಎರಡು ಸಾಲು ಸಾಕು. ಇದು ಹೊಸ ಬೇಡಿಕೆಯೂ ಅಲ್ಲ. ತಪ್ಪನ್ನು ಕೂಡಲೇ, ಎದ್ದು ಕಾಣುವಂತೆ ತಿದ್ದಿ ಪ್ರಕಟಿಸಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯ ಸೂತ್ರಗಳೇ ಹೇಳುತ್ತವೆ. 'ದಿ ಹಿಂದೂ' ಪತ್ರಿಕೆ 2006ರಲ್ಲಿ ಓದುಗರ ಸಂಪಾದಕರನ್ನೇ ನೇಮಿಸಿ, ತನ್ನ ತಪ್ಪುಗಳನ್ನು ತಾನೇ ಅಚ್ಚು ಹಾಕಿತು. ಅದರಿಂದ ಪತ್ರಿಕೆಯ ಮಾನ ಹೋಗಲಿಲ್ಲ.

ಕನ್ನಡದ 'ತಿದ್ದು', ತೆಲುಗಿನ 'ದಿದ್ದು' ಎರಡಕ್ಕೂ ಮಕ್ಕಳು ಅಕ್ಷರದ ಮೇಲೆ ಕೈಯಾಡಿಸಿ ಕಲಿಯುವುದು ಎಂಬ ಅರ್ಥವೂ ಉಂಟು. ಅದು ಮೇಷ್ಟ್ರ ಕಣ್ಣೆದುರಿಗೇ ನಡೆಯುವ ಕೆಲಸ. ಸುದ್ದಿಯ ತಿದ್ದುಪಡಿಯೂ ಓದುಗರ ಕಣ್ಣೆದುರಿಗೇ ನಡೆಯಲಿ.