ಮನೆಯ ಲ್ಯಾಂಡ್‌ಲೈನ್ ಕಿತ್ತು ಹಾಕಬೇಡಿ, ಅದರಿಂದ 1909ಕ್ಕೆ ಫೋನ್ ಮಾಡಿ

ನಮ್ಮ ಮನೆಯಲ್ಲಿ ಇವತ್ತಿಗೂ ಲ್ಯಾಂಡ್‌ಲೈನ್ ಇದೆ ಅಂದ್ರೆ ಪೇಟೆ ಕಡೆಯ ಸ್ನೇಹಿತರು ನಗ್ತಾರೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಗಿನ ಊರುಗಳಲ್ಲಿ ಇರೋರು ನಗಲ್ಲ. ಮೊಬೈಲ್ ಸಿಗ್ನಲ್ ಬೇಕಂದ್ರೆ ನಾನು ಮನೆ ಹಿಂದಿನ ದಿಬ್ಬ ಹತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಮಲಗಿದರೆ ಅದೂ ಇಲ್ಲ. ಅಪ್ಪಯ್ಯ, ಅಮ್ಮನಿಗೆ ಹೊರಗಿನವರ ಜೊತೆ ಮಾತು ಅಂದ್ರೆ ಜಗಲಿ ಮೂಲೆಯ ಆ ಫೋನೇ.

ಕಳೆದ ಅಡಿಕೆ ಸುಗ್ಗಿಯಲ್ಲಿ ಆ ಫೋನು ಅಮ್ಮನ ಜೀವ ತಿಂದುಬಿಟ್ಟಿತ್ತು. ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯ್ತಾ ಇರ್ತಿತ್ತು, ಇನ್ನೊಂದು ಕಡೆ ಸುಲಿಯೋರಿಗೆ ತಿಂಡಿ ಆಗಬೇಕಿತ್ತು. ಅಷ್ಟರಲ್ಲಿ ಫೋನು. ಕೈ ಒರೆಸಿಕೊಂಡು ಓಡಿ ಬಂದು ಎತ್ತಿದರೆ ಸಾಲ ಬೇಕಾ, ಸೈಟ್ ಬೇಕಾ, ಅಡಿಕೆ ಇಳುವರಿ ಹೆಚ್ಚಿಸುವ ಟಾನಿಕ್ ಬೇಕಾ ಅಂತ ಕೇಳೋರು. ದಿನಕ್ಕೆ ಏಳೆಂಟು ಸಲ. ಅಪ್ಪಯ್ಯ ಅಂತೂ, "ಇದರ ತಂತಿ ಕಿತ್ತು ಹಾಕಾ ಮಾರಾಯ, ಸಾಕಾಗಿದೆ" ಅಂತ ದಿನಾ ನನಗೆ ಹೇಳೋರು. ನಾನು "ಹ್ಞೂಂ, ನೋಡ್ತೇನೆ" ಅಂದು ತೋಟಕ್ಕೆ ಹೋಗ್ತಿದ್ದೆ.

ಒಂದು ದಿನ ಅಮ್ಮ ರಿಸೀವರ್ ತೆಗೆದು ಪಕ್ಕಕ್ಕಿಟ್ಟು ಬಿಟ್ಟರು. ಅವತ್ತೇ ಮಧ್ಯಾಹ್ನ ದೊಡ್ಡಪ್ಪನಿಗೆ ಎದೆನೋವು ಬಂತು. ಅವರ ಮನೆ ನಮಗಿಂತ ನಾಲ್ಕು ಕಿಲೋಮೀಟರ್ ಒಳಗೆ. ಹತ್ತಿರದಲ್ಲಿ ಜೀಪ್ ಇರೋದು ನಮ್ಮಲ್ಲಿ ಮಾತ್ರ. ದೊಡ್ಡಮ್ಮ ಫೋನ್ ಮಾಡಿದ್ದೇ ಮಾಡಿದ್ದು, ಪ್ರತಿ ಸಲವೂ ಎಂಗೇಜ್. ಕೊನೆಗೆ ಕೆಲಸಕ್ಕೆ ಬಂದಿದ್ದ ಹುಡುಗನನ್ನು ಕಳಿಸಿದರು. ಅವನು ಕಾಲುದಾರಿಯಲ್ಲಿ ಓಡಿ ಬಂದು ವಿಷಯ ಮುಟ್ಟಿಸುವಾಗ ಒಂದು ಗಂಟೆಗೂ ಹೆಚ್ಚು ಕಳೆದಿತ್ತು. ದೊಡ್ಡಪ್ಪ ಉಳಿದರು, ಈಗ ಹುಷಾರಾಗಿದ್ದಾರೆ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾಕೆ ಇಷ್ಟು ತಡ?"

ಅಮ್ಮ ಇವತ್ತಿಗೂ ಅದು ತನ್ನ ತಪ್ಪು ಅಂದ್ಕೊಂಡಿದ್ದಾರೆ. ಅವರದ್ದಲ್ಲ, ನನ್ನದು. ಮೂಡಿಗೆರೆಯಲ್ಲಿ ತೋಟಗಾರಿಕೆ ಓದಿ ಬಂದವನು, ಕೈಯಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಂಡವನು ನಾನು. ನನ್ನ ಮೊಬೈಲಿಗೆ ಡಿಎನ್‌ಡಿ ಹಾಕಿಸಿ ವರ್ಷಗಳಾಗಿದ್ದವು. ಮನೆಯ ಫೋನಿಗೂ ಹಾಕಿಸಬಹುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಅದಕ್ಕೇ ಈ ವಾರ ರೋಗ, ಗೊಬ್ಬರ ಬಿಟ್ಟು ಇದನ್ನು ಬರೀತಿದ್ದೇನೆ. ಮನೆಯ ಫೋನು ಬೋರ್‌ವೆಲ್, ಬೇಲಿ ಇದ್ದ ಹಾಗೆ. ಅದನ್ನು ಸರಿ ಇಡೋದು ಮನೆಯಲ್ಲಿರುವ ಕಿರಿಯರ ಕೆಲಸ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಲ್ಯಾಂಡ್‌ಲೈನಿನಿಂದಲೇ 1909ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಜಾಹೀರಾತಿನ ಕರೆ ಯಾವುದೂ ಬೇಡ ಅಂತ ನೋಂದಾಯಿಸಿ. ಬ್ಯಾಂಕ್, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ ಹೀಗೆ ವಿಭಾಗಗಳಿವೆ. ಬೇಕಾದ್ದು ಉಳಿಸಿಕೊಂಡು ಬೇಡದ್ದು ನಿಲ್ಲಿಸಬಹುದು. ನಾನಂತೂ ಎಲ್ಲಾ ನಿಲ್ಲಿಸಿದೆ. ಮೊಬೈಲ್ ಆದರೆ ಇಂಗ್ಲಿಷಿನಲ್ಲಿ ಸ್ಟಾರ್ಟ್, ಆಮೇಲೆ ಜಾಗ ಬಿಟ್ಟು 0 ಅಂತ ಟೈಪ್ ಮಾಡಿ ಅದೇ 1909ಕ್ಕೆ ಮೆಸೇಜ್ ಕಳಿಸಿದರಾಯ್ತು. ನೆನಪಿಡಿ, ಒಂದೊಂದು ನಂಬರಿಗೂ ಬೇರೆ ಬೇರೆಯಾಗಿ ಮಾಡಬೇಕು. ನಿಮ್ಮ ಮೊಬೈಲಿಗೆ ಮಾಡಿದ್ದು ಮನೆಯ ಫೋನಿಗೆ ಅನ್ವಯಿಸಲ್ಲ. ಬ್ಯಾಂಕಿನ ವ್ಯವಹಾರದ ಮೆಸೇಜ್, ಓಟಿಪಿ ಇವೆಲ್ಲ ಮೊದಲಿನ ಹಾಗೇ ಬರುತ್ತವೆ, ಆ ಹೆದರಿಕೆ ಬೇಡ.

ಆದರೆ ಅಷ್ಟಕ್ಕೇ ಕರೆ ಪೂರ್ತಿ ನಿಲ್ಲುತ್ತೆ ಅಂತ ನಾನು ಹೇಳಲ್ಲ. ನಮ್ಮ ಮನೆಯಲ್ಲೂ ನಿಂತಿಲ್ಲ, ಅರ್ಧಕ್ಕಿಂತ ಕಡಿಮೆ ಆಗಿದೆ ಅಷ್ಟೆ. ನಿಯಮದ ಪ್ರಕಾರ ಜಾಹೀರಾತಿನ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಬ್ಯಾಂಕು, ಸರ್ಕಾರಿ ಸಂಸ್ಥೆಗಳ ಸೇವೆಯ ಕರೆಗೆ 1600 ಸರಣಿ ಇದೆ. ಕದ್ದು ಮಾಡೋರು ಸಾಮಾನ್ಯ ಹತ್ತು ಅಂಕಿಯ ನಂಬರಿನಿಂದ ಮಾಡ್ತಾರೆ. ಅವರ ಮೇಲೆ ದೂರು ಕೊಡಲೇಬೇಕು. ಬಹಳ ಜನ ಕೈ ಬಿಡೋದು ಇಲ್ಲೇ.

ಸಾವಯವ ಮಾಡೋರಿಗೆ ಇದು ಗೊತ್ತಿರುವ ಪಾಠ. ಒಂದು ಸಲ ಏನೋ ಹೊಡೆದು ಕಳೆ ಮುಗಿಸೋ ದಾರಿ ನಮಗಿಲ್ಲ. ಮುಚ್ಚಿಗೆ ಹಾಕಬೇಕು, ಎದ್ದದ್ದನ್ನು ಬೀಜ ಕಟ್ಟುವ ಮೊದಲೇ ಕೀಳಬೇಕು. ಡಿಎನ್‌ಡಿ ಅಂದ್ರೆ ಮುಚ್ಚಿಗೆ, ದೂರು ಅಂದ್ರೆ ಕಳೆ ಕೀಳೋದು.

ದೂರು ಕೊಡೋದು 2025ರ ಫೆಬ್ರವರಿಯಿಂದ ಸುಲಭ ಆಗಿದೆ. ಟ್ರಾಯ್ ತನ್ನ 2018ರ ನಿಯಮಕ್ಕೆ ಆಗ ತಿದ್ದುಪಡಿ ತಂದಿತು. ಮೊದಲು ಕರೆ ಬಂದ ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಈಗ ಏಳು ದಿನ ಸಮಯ ಇದೆ. ನೋಂದಾಯಿಸದ ನಂಬರಿನಿಂದ ಜಾಹೀರಾತು ಬಂದರೆ, ನೀವು ಡಿಎನ್‌ಡಿ ಹಾಕಿಸದೇ ಇದ್ದರೂ ದೂರು ಕೊಡಬಹುದು. ಬೇಕಾಗೋದು ಕರೆ ಬಂದ ನಂಬರು, ದಿನಾಂಕ, ಏನು ಹೇಳಿದರು ಅನ್ನೋ ಒಂದು ಸಾಲು. ಎಲ್ಲಕ್ಕಿಂತ ಮುಖ್ಯವಾದ್ದು ಇನ್ನೊಂದು: ಮೊದಲು ಒಬ್ಬನ ಮೇಲೆ ಏಳು ದಿನದಲ್ಲಿ ಹತ್ತು ದೂರು ಬಿದ್ದರೆ ಕ್ರಮ ಅಂತಿತ್ತು. ಈಗ ಹತ್ತು ದಿನದಲ್ಲಿ ಐದು ದೂರು ಸಾಕು. ಮೊದಲ ಸಲ ಸಿಕ್ಕಿಬಿದ್ದರೆ ಅವನ ಹೊರಹೋಗುವ ಕರೆ 15 ದಿನ ಬಂದ್, ಮತ್ತೆ ಮಾಡಿದರೆ ಒಂದು ವರ್ಷ ಸಂಪರ್ಕವೇ ಕಟ್.

ಐದು ಅಂದ್ರೆ ಎಷ್ಟು? ನಮ್ಮ ಕೇರಿಯಲ್ಲೇ ಏಳು ಮನೆ ಇವೆ. ಟಾನಿಕ್ ಮಾರೋನು ಒಂದೇ ವಾರದಲ್ಲಿ ಏಳೂ ಮನೆಗೆ ಫೋನ್ ಮಾಡಿರ್ತಾನೆ. ಎಲ್ಲರೂ ಬೈದುಕೊಂಡು ಫೋನ್ ಇಟ್ಟರೆ ಅವನಿಗೇನೂ ಆಗಲ್ಲ. ಐದು ಮನೆಯವರು ದೂರು ಕೊಟ್ಟರೆ ಆಗುತ್ತೆ. ನಿಮ್ಮ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಗುಡ್ ಮಾರ್ನಿಂಗ್ ಬದಲು ಒಂದು ದಿನ ಆ ನಂಬರ್ ಹಾಕಿ, ಯಾರಿಗೆಲ್ಲ ಬಂದಿದೆ ಕೇಳಿ.

ಲ್ಯಾಂಡ್‌ಲೈನಿಗೆ ಒಂದು ತೊಡಕಿದೆ. ಹಳೇ ಫೋನಿನಲ್ಲಿ ಕರೆ ಮಾಡಿದವರ ನಂಬರ್ ಕಾಣಲ್ಲ. ನಂಬರ್ ಇಲ್ಲದೆ ದೂರಿಲ್ಲ. ಹಾಗಾಗಿ ನಂಬರ್ ತೋರಿಸುವ ಫೋನ್ ತನ್ನಿ, ನಿಮ್ಮ ಸಂಪರ್ಕಕ್ಕೆ ಆ ಸೌಲಭ್ಯ ಇದೆಯಾ ಅಂತ ಎಕ್ಸ್‌ಚೇಂಜಿನಲ್ಲಿ ಕೇಳಿ. ನಾನು ಫೋನ್ ಪಕ್ಕ ಒಂದು ನೋಟ್‌ಬುಕ್ ದಾರ ಕಟ್ಟಿ ಇಟ್ಟಿದ್ದೇನೆ. ಅಮ್ಮ ನಂಬರ್, ತಾರೀಖು ಬರೀತಾರೆ. ಭಾನುವಾರ ಸಂಜೆ ಕೂತು ನಾನು ದೂರು ಕೊಡ್ತೇನೆ. ಹತ್ತು ನಿಮಿಷದ ಕೆಲಸ.

ಇನ್ನು ಕಳ್ಳರ ವಿಷಯ. ಡಿಎನ್‌ಡಿ ವ್ಯಾಪಾರಿಗಳನ್ನು ತಡೆಯಬಹುದು, ಮೋಸಗಾರರನ್ನಲ್ಲ. ಪಿಎಂ ಕಿಸಾನ್ ಹಣ ನಿಂತುಹೋಗುತ್ತೆ, ಓಟಿಪಿ ಹೇಳಿ ಅಂತ ಬರುವ ಕರೆ, ನಿಮ್ಮ ಫೋನ್ ಬಂದ್ ಆಗುತ್ತೆ, 9 ಒತ್ತಿ ಅಂತ ಟ್ರಾಯ್ ಹೆಸರಲ್ಲಿ ಬರುವ ಕರೆ, ಎರಡೂ ಮೋಸ. ಟ್ರಾಯ್ ಯಾರಿಗೂ ಹಾಗೆ ಫೋನ್ ಮಾಡಲ್ಲ. ಇಂಥ ಕರೆಯನ್ನು ಸಂಚಾರ್ ಸಾಥಿಯ ಚಕ್ಷು ವಿಭಾಗದಲ್ಲಿ ತಿಳಿಸಿ. ದುಡ್ಡು ಹೋಗಿಬಿಟ್ಟಿದ್ದರೆ ಯೋಚಿಸ್ತಾ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಈ ಎರಡು ನಂಬರ್ ಫೋನಿನ ಮೇಲಿನ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ: 1909, 1930.

"ತಪ್ಪು ಮಾಡೋನು ಅವನು, ದಂಡ ನಮಗ್ಯಾಕೆ?" ಅಂತ ಅಪ್ಪಯ್ಯ ಕೇಳಿದ್ರು. ನ್ಯಾಯದ ಪ್ರಶ್ನೆಯೇ. ನನ್ನ ಪ್ರಕಾರ ಬೇಕು ಅಂದವರಿಗೆ ಮಾತ್ರ ಕರೆ ಬರಬೇಕಿತ್ತು, ಬೇಡ ಅನ್ನೋ ಹೊಣೆ ನಮ್ಮ ತಲೆ ಮೇಲೆ ಇರಬಾರದಿತ್ತು. ಆದರೆ ದನ ಬಿಟ್ಟವನದ್ದೇ ತಪ್ಪು ಅಂತ ನಾವು ಬೇಲಿ ಹಾಕದೆ ಕೂರ್ತೇವಾ? ಬೇಲಿಯಲ್ಲಿ ನಾವೇ ಮಾಡುವ ಕಿಂಡಿಯೂ ಇದೆ. ಕೃಷಿ ಮೇಳದಲ್ಲಿ ಲಕ್ಕಿ ಡ್ರಾ ಅಂತ ಚೀಟಿ ತುಂಬಿಸ್ತಾರಲ್ಲ, ಅಲ್ಲಿ ಎಷ್ಟು ಜನ ನಂಬರ್ ಬರೆದಿಲ್ಲ? ನಾನೂ ಬರೆದಿದ್ದೇನೆ. ನನ್ನ ಮೊಬೈಲಿಗೆ ಕಿರಿಕಿರಿ ಬೇಡ ಅಂತ ಮನೆಯ ಲ್ಯಾಂಡ್‌ಲೈನ್ ನಂಬರನ್ನೇ ಕೊಟ್ಟಿದ್ದೆ. ಅಮ್ಮ ಓಡಿ ಓಡಿ ಎತ್ತಿದ ಎಷ್ಟು ಕರೆ ನಾನೇ ಬಿತ್ತಿದ್ದೋ ಏನೋ.

ಈ ವಾರ ಮನೆಗೆ ಹೋದಾಗ ಹತ್ತು ನಿಮಿಷ ಆ ಫೋನಿನ ಹತ್ತಿರ ಕೂತ್ಕೊಳ್ಳಿ. ಮುಂದಿನ ಸಲ ಅದು ರಿಂಗ್ ಆದಾಗ, ಇದು ನಮ್ಮವರದ್ದೇ ಇರಬಹುದು ಅಂತ ಅಮ್ಮನಿಗೆ ಅನ್ನಿಸಬೇಕು. ಅಷ್ಟಾದರೆ ಸಾಕು.