ಮಳೆಗೆ ಹೆದರುವವರು, ನೆಲಕ್ಕೆ ಹೆದರದವರು

ಮೋಟಾರ್ ಸೈಕಲ್ ಸವಾರಿಯ ಉಡುಪನ್ನು ಕೊಳ್ಳಲು ಹೊಸಪೇಟೆಯ ಅಂಗಡಿಗೆ ಬಂದ ಗೃಹಸ್ಥನು ಮೊದಲು ಕೇಳುವ ಪ್ರಶ್ನೆ, "ನೀರು ಒಳಗೆ ಇಳಿಯುತ್ತದೆಯೇ?" ಎಂಬುದು. ಎರಡನೆಯದು ಬೆಲೆಯ ವಿಚಾರ. ಕೊಳ್ಳುವವನು ಶ್ರಾವಕನಾಗಿದ್ದರೆ ಮೂರನೆಯದೂ ಒಂದುಂಟು: "ಚರ್ಮದ್ದಲ್ಲ ತಾನೇ?" ಈ ಮೂರಕ್ಕೂ ಸಮಾಧಾನಕರವಾದ ಉತ್ತರ ದೊರೆತೊಡನೆ ಆತ ಪೊಟ್ಟಣ ಕಟ್ಟಿಸಿಕೊಂಡು ಹೊರಡುತ್ತಾನೆ. ಗಾಡಿ ಜಾರಿ ಮೈ ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗುವಾಗ ಈ ಬಟ್ಟೆ ಎಷ್ಟು ಹೊತ್ತು ಹರಿಯದೆ ಉಳಿದೀತು ಎಂದು ಕೇಳುವವರು ವಿರಳ. ಮಳೆಗೆ ಹೆದರಿ ನೆಲಕ್ಕೆ ಹೆದರದ ಈ ಖರೀದಿ ವ್ಯಾಪಾರದ ದೃಷ್ಟಿಯಿಂದ ನಷ್ಟದ್ದು. ಧರ್ಮದ ದೃಷ್ಟಿಯಿಂದ ಪ್ರಮಾದದ್ದು.

ಮಳೆಯ ಭೀತಿ ಈ ಸೀಮೆಗೆ ಅಷ್ಟಾಗಿ ಹೊಂದುವುದೂ ಇಲ್ಲ. ಬಳ್ಳಾರಿ ಜಿಲ್ಲೆಯೂ 2021ರಲ್ಲಿ ಅದರಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯೂ ರಾಜ್ಯದ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿದವು. ಬೇಸಿಗೆಯ ಬಿಸಿಲಾದರೋ 40 ಡಿಗ್ರಿಯನ್ನು ಮುಟ್ಟುತ್ತದೆ. ಸವಾರನನ್ನು ವರ್ಷವಿಡೀ ಕಾಡುವುದು ರಸ್ತೆ. ಸಂಡೂರಿನ ಗಣಿಗಳಿಂದ ಅದಿರು ಹೊತ್ತು ಬರುವ ಲಾರಿಗಳು ಚೆಲ್ಲಿದ ಕೆಂಪು ಹುಡಿ ತಿರುವುಗಳಲ್ಲಿ ಚಕ್ರದಡಿ ರಾಗಿಯ ಕಾಳಿನಂತೆ ಉರುಳುತ್ತದೆ. ಮೇಲೆ ನಾಲ್ಕು ಹನಿ ಬಿದ್ದರೆ ಅದೇ ಹುಡಿ ಎಣ್ಣೆ ಸವರಿದಂತಾಗುತ್ತದೆ. ಕಂಪ್ಲಿಯ ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ಹಿಂಬದಿಯ ದೀಪವಿಲ್ಲದೆ ಕತ್ತಲಲ್ಲಿ ನಿಂತಿರುತ್ತದೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಕಂಪ್ಲಿ-ಗಂಗಾವತಿ ಸೇತುವೆಯೇ ಮುಳುಗುವುದರಿಂದ, ಅಂದು ಯಾವ ಜಲನಿರೋಧಕ ಜರ್ಕಿನ್ನೂ ಪ್ರಯೋಜನಕ್ಕೆ ಬಾರದು. ಹೊಸಪೇಟೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಸಂಡೂರಿನ ಕಚೇರಿಗಳಿಗೂ ದಿನವೂ ಹೋಗಿಬರುವ ಯುವಕರು ಇದೇ ರಸ್ತೆಗಳಲ್ಲಿ ಹತ್ತಿಯ ಅಂಗಿ ತೊಟ್ಟು ಎಂಬತ್ತರ ವೇಗದಲ್ಲಿ ಸಾಗುತ್ತಾರೆ. ಮೋಡ ಕವಿದರೆ ಮಾತ್ರ ನಿಲ್ಲಿಸಿ, ಸೀಟಿನ ಕೆಳಗಿನ ಪ್ಲಾಸ್ಟಿಕ್ ರೈನ್‌ಕೋಟನ್ನು ಹೊರತೆಗೆಯುತ್ತಾರೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029. ತಲೆಯ ವಿಷಯದಲ್ಲಿ ಕಾನೂನು ಉಂಟು. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ, 2021ರ ಜೂನ್ ತಿಂಗಳಿನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವುದಕ್ಕೂ ತಡೆಯಿದೆ. ಕುತ್ತಿಗೆಯಿಂದ ಕೆಳಗೆ ಕಾನೂನು ಮೌನವಾಗಿದೆ. ತೆರಿಗೆಯಂತೂ ವಿಲೋಮವಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಮೋಟಾರ್ ಸೈಕಲಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದೇ ದಿನ ₹2,500 ಮೀರಿದ ಉಡುಪಿನ ಮೇಲಿನದು ಶೇ. 12ರಿಂದ 18ಕ್ಕೆ ಏರಿತು. ವೇಗ ಅಗ್ಗವಾಗಿ ರಕ್ಷಣೆ ತುಟ್ಟಿಯಾಯಿತು. ಮದುವೆಯ ಝಗಝಗಿಸುವ ಕೋಟಿಗೂ ಸವಾರನ ಮೊಣಕೈಯನ್ನು ಕಾಯುವ ಜರ್ಕಿನ್ನಿಗೂ ಒಂದೇ ದರ ವಿಧಿಸುವವರಿಗೆ ಈ ವ್ಯತ್ಯಾಸ ಹೊಳೆಯದೆ ಹೋದದ್ದು ಸೋಜಿಗ.

ಕಾನೂನು ಸುಮ್ಮನಿರುವಾಗ ಕೊಳ್ಳುವವನೇ ಪರೀಕ್ಷಕನಾಗಬೇಕಾಗುತ್ತದೆ. ಯುರೋಪಿನಲ್ಲಿ ಸವಾರಿ ಉಡುಪಿಗೆ ಇಎನ್ 17092 ಎಂಬ ಮಾನಕವಿದೆ. ಭಾರತದಲ್ಲಿ ತಯಾರಾಗುವ ಉಡುಪುಗಳಲ್ಲಿಯೂ ಒಳಗಿನ ಚೀಟಿಯ ಮೇಲೆ ಈ ಸಂಖ್ಯೆ ಈಗ ಕಾಣಸಿಗುತ್ತದೆ. ತಿರುಗುವ ಯಂತ್ರಕ್ಕೆ ಬಟ್ಟೆಯ ತುಂಡನ್ನು ಕಟ್ಟಿ, ಕಾಂಕ್ರೀಟಿನ ಮೇಲೆ ಬಿಟ್ಟು, ನಿಲ್ಲುವವರೆಗೆ ಅದು ತೂತಾಗುತ್ತದೆಯೇ ಎಂದು ನೋಡುವುದು ಅದರ ಮುಖ್ಯ ಪರೀಕ್ಷೆ. ಮೊದಲು ನೆಲಕ್ಕೆ ತಾಗುವ ಭುಜ, ಮೊಣಕೈ, ಮೊಣಕಾಲುಗಳ ಭಾಗದ ಬಟ್ಟೆ 'ಎ' ದರ್ಜೆಗೆ ಗಂಟೆಗೆ ಸುಮಾರು 45 ಕಿ.ಮೀ., 'ಎಎ' ದರ್ಜೆಗೆ 70 ಕಿ.ಮೀ., 'ಎಎಎ' ದರ್ಜೆಗೆ 120 ಕಿ.ಮೀ. ವೇಗದ ಉಜ್ಜುವಿಕೆಯನ್ನು ತಾಳಬೇಕು. 'ಬಿ' ದರ್ಜೆ 'ಎ'ಯಂತೆಯೇ ತಾಳುತ್ತದೆ, ಆದರೆ ಪೆಟ್ಟು ತಡೆಯುವ ಪ್ಯಾಡುಗಳಿರುವುದಿಲ್ಲ. 'ಸಿ' ಎಂಬುದು ಬರಿಯ ಪ್ಯಾಡುಗಳನ್ನು ಹಿಡಿದಿಡುವ ಒಳ ಅಂಗಿ. ಸಾಮಾನ್ಯ ಜೀನ್ಸ್ ಬಟ್ಟೆ ಇಂಥ ಪರೀಕ್ಷೆಯಲ್ಲಿ ಒಂದು ಸೆಕೆಂಡು ತುಂಬುವ ಮೊದಲೇ ಹರಿಯುತ್ತದೆ. ಪ್ಯಾಡುಗಳಿಗೆ ಇಎನ್ 1621 ಎಂಬ ಬೇರೆ ಮಾನಕವಿದ್ದು, ಕೈಕಾಲಿನ ಪ್ಯಾಡಿನ ಮೇಲೆ ಭಾರ ಬೀಳಿಸಿದಾಗ ದಾಟಿಬರುವ ಬಲ ಮೊದಲ ಮಟ್ಟಕ್ಕೆ ಸರಾಸರಿ 35 ಕಿಲೋನ್ಯೂಟನ್, ಎರಡನೆಯ ಮಟ್ಟಕ್ಕೆ 20 ಕಿಲೋನ್ಯೂಟನ್ ಮೀರಕೂಡದು. ಬೆನ್ನಿಗೆ ಮಿತಿ ಇನ್ನೂ ಬಿಗಿ: 18 ಮತ್ತು 9. ಬೆನ್ನಿನ ಜೇಬಿನಲ್ಲಿ ಸ್ಪಂಜಿನ ಹಾಳೆ ತುಂಬಿ ಅದನ್ನೇ ರಕ್ಷಣೆಯೆಂದು ಮಾರುವುದುಂಟು. ಆ ಹಾಳೆಯನ್ನು ಹೊರತೆಗೆದು ಅದರ ಮೇಲೆ ಮಾನಕದ ಸಂಖ್ಯೆ ಅಚ್ಚಾಗಿದೆಯೇ ಎಂದು ನೋಡಲು ಸಂಕೋಚವೇಕೆ? ಎರಡು ಗ್ರಾಂ ಚಿನ್ನಕ್ಕೆ ಹಾಲ್‌ಮಾರ್ಕ್ ಹುಡುಕುವ ಕಣ್ಣು ಇಲ್ಲಿಯೂ ಇರಬೇಕು.

ಅಳತೆಯೂ ಅಷ್ಟೇ ಮುಖ್ಯ. "ಬೆಳೆಯುವ ಹುಡುಗ, ಸಡಿಲವಿರಲಿ" ಎಂದು ತಂದೆ ದೊಡ್ಡ ಅಳತೆಯನ್ನು ಆರಿಸಿದರೆ ಬಿದ್ದಾಗ ಪ್ಯಾಡು ಮೊಣಕೈಯಿಂದ ಸರಿದುಬಿಡುತ್ತದೆ. ಜರ್ಕಿನ್ನು ಮಾತ್ರ ಕೊಂಡು ಪ್ಯಾಂಟನ್ನು ಬಿಡುವುದು ಇನ್ನೊಂದು ರೂಢಿ. ದ್ವಿಚಕ್ರ ಅಪಘಾತಗಳಲ್ಲಿ ಹೆಚ್ಚಾಗಿ ಜಖಂ ಆಗುವುದು ಕಾಲೇ ಆದರೂ!

ಇನ್ನು ಚರ್ಮದ ಪ್ರಶ್ನೆ. ಪಂದ್ಯದ ಸವಾರರು ಇಂದಿಗೂ ಚರ್ಮವನ್ನೇ ತೊಡುತ್ತಾರೆ. ದುಬಾರಿಯವು ಕಾಂಗರೂ ಚರ್ಮದವು. ಉಜ್ಜುವಿಕೆಯನ್ನು ತಾಳುವುದರಲ್ಲಿ ದಪ್ಪ ಚರ್ಮ ಬಹುತೇಕ ಬಟ್ಟೆಗಳಿಗಿಂತ ಮೇಲೆಂಬುದನ್ನು ಅಲ್ಲಗಳೆಯುವುದು ಸತ್ಯಾಣುವ್ರತಕ್ಕೆ ಭಂಗ. ಅದನ್ನು ಒಪ್ಪಿಯೇ ಬೇಡವೆನ್ನಬೇಕು. "ಮಾಂಸಕ್ಕಾಗಿ ಕೊಂದ ಪ್ರಾಣಿಯ ತೊಗಲು ಹೇಗೂ ಉಳಿಯುತ್ತದೆ, ಅದು ಉಪೋತ್ಪನ್ನ" ಎಂಬ ವಾದವನ್ನು ವಿದ್ಯಾವಂತರೂ ಮುಂದಿಡುತ್ತಾರೆ. ವೆಚ್ಚಲೆಕ್ಕದ ಮೊದಲ ಪಾಠ ಓದಿದವನಿಗೂ ಗೊತ್ತಿರುವ ಸಂಗತಿಯೆಂದರೆ, ಉಪೋತ್ಪನ್ನದ ಮಾರಾಟದಿಂದ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುತ್ತಾರೆ. ತೊಗಲಿಗೆ ಬೆಲೆ ಬಂದಷ್ಟೂ ಕಸಾಯಿಖಾನೆಯ ಖರ್ಚು ಇಳಿಯುತ್ತದೆ. ಹಾಗಾಗಿ ಚರ್ಮದ ಜರ್ಕಿನ್ನು ಕೊಂಡವನು ಆ ವಹಿಯ ಜಮೆಯ ಬದಿಗೆ ತನ್ನ ಹಣವನ್ನು ಬರೆಸಿದವನೇ. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಲ್ಲಿ ಎರಡನೆಯದಕ್ಕೋ ಮೂರನೆಯದಕ್ಕೋ ಅದು ಸೇರುತ್ತದೆಂಬುದರಲ್ಲಿ ಸಂದೇಹವಿಲ್ಲ.

ಆದರೆ "ಟೆಕ್ಸ್‌ಟೈಲ್" ಎಂಬ ಚೀಟಿ ಕಂಡಮಾತ್ರಕ್ಕೆ ವ್ರತ ಉಳಿಯಿತೆಂದು ಭಾವಿಸುವುದು ಭೋಳೆತನ. ಪ್ರವಾಸದ ಹಲವು ಬಟ್ಟೆ ಪ್ಯಾಂಟುಗಳಲ್ಲಿ ಮೊಣಕಾಲಿನ ಒಳಬದಿಗೆ, ಟ್ಯಾಂಕಿಗೆ ತಾಗುವ ಕಡೆ, ಚರ್ಮದ ತುಂಡು ಹೊಲಿದಿರುತ್ತದೆ. ಕೈಗವಸಿನ ಅಂಗೈ ಬಹುಮಟ್ಟಿಗೆ ಆಡಿನ ತೊಗಲು. ಬೂಟಿನಲ್ಲಿ ಎಮ್ಮೆಯದೋ ಹಸುವಿನದೋ. ಇವೆಲ್ಲಕ್ಕೂ ಪರ್ಯಾಯಗಳಿವೆ: ಬಿಗಿಯಾಗಿ ನೇಯ್ದ ನೈಲಾನ್, ಅರಾಮಿಡ್ ನೂಲು, ಮೈಕ್ರೋಫೈಬರ್. ಅಂಗಡಿಯಾತನನ್ನು ಒಂದೊಂದು ಭಾಗಕ್ಕೂ ಬೆರಳಿಟ್ಟು ಕೇಳಬೇಕಷ್ಟೆ. ಅಗ್ಗದ ತೆಳು ಪಾಲಿಯೆಸ್ಟರಿನ ಬಗ್ಗೆಯೂ ಎಚ್ಚರ ಬೇಕು. ಉಜ್ಜುವ ಶಾಖಕ್ಕೆ ಅದು ಕರಗಿ ಗಾಯಕ್ಕೇ ಅಂಟಿಕೊಳ್ಳುತ್ತದೆ.

ಚರ್ಮವನ್ನು ಬಿಟ್ಟವರು ನಿರ್ಮಲರಾದರೆಂದೂ ಅಲ್ಲ. ನೀರು ಜಾರಲೆಂದು ಬಟ್ಟೆಗೆ ಬಳಿಯುತ್ತಿದ್ದ ಫ್ಲೋರಿನ್ ರಸಾಯನಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕರಗದೆ ಉಳಿದು ಜೀವಿಗಳ ರಕ್ತವನ್ನು ಸೇರುತ್ತವೆಂದು ಈಗ ತಿಳಿದಿದೆ. ಅವುಗಳಲ್ಲಿ ಒಂದಾದ ಪಿಎಫ್‌ಒಎಯನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಫ್ಲೋರಿನ್ ಇಲ್ಲದ ಪಾಲಿಯುರೆಥೇನ್ ಪೊರೆಗಳೂ ಲೇಪಗಳೂ ದೊರೆಯುವಾಗ ಅವನ್ನೇ ಕೇಳಿ ಪಡೆಯುವುದು ವಿವೇಕ. ಒಂದು ಆಡಿನ ಪ್ರಾಣವನ್ನು ಉಳಿಸಿ ಒಂದು ಕೆರೆಯ ಮೀನುಗಳನ್ನು ಮರೆಯುವುದು ಯಾವ ಬಗೆಯ ಅಹಿಂಸೆ?

ಕೊನೆಗೆ, ಎಲ್ಲರೂ ಮೊದಲು ಕೇಳುವ ನೀರಿನ ವಿಚಾರ. ನೀರು ತಡೆಯುವ ವಿಧಾನಗಳು ಮುಖ್ಯವಾಗಿ ನಾಲ್ಕು. ತೆಳು ಪೊರೆಯನ್ನು ಹೊರಬಟ್ಟೆಗೇ ಅಂಟಿಸುವುದು ಒಂದು. ಇದು ಉತ್ತಮವಾದುದು, ದುಬಾರಿಯೂ ಹೌದು. ಪೊರೆಯನ್ನು ಹೊರಬಟ್ಟೆಗೂ ಒಳವಸ್ತ್ರಕ್ಕೂ ನಡುವೆ ಸಡಿಲವಾಗಿ ತೂಗುಬಿಡುವುದು ಇನ್ನೊಂದು. ಇದರಲ್ಲಿ ಮೈ ಒಣಗಿದ್ದರೂ ಹೊರಬಟ್ಟೆ ನೆನೆದು ಭಾರವಾಗುತ್ತದೆ. ಜಿಪ್ಪಿನಿಂದ ತೆಗೆದು ಹಾಕುವ ಒಳಪದರ ಮೂರನೆಯದು. ಮಳೆ ಬಂದೊಡನೆ ರಸ್ತೆಯ ಬದಿ ಜರ್ಕಿನ್ನು ಕಳಚಿ ನಿಲ್ಲುವ ಫಜೀತಿ ಇದರಲ್ಲಿದೆ. ಮೇಲೆ ತೊಡುವ ಬೇರೆ ಮಳೆಯಂಗಿ ನಾಲ್ಕನೆಯದು. ಪೊರೆ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆಂಬುದು ನಿಜವೇ ಆದರೂ, ಹೊರಗೆ ಸೆಕೆ ತುಂಬಿರುವಾಗ ಅದರ ಕೆಲಸ ಕುಂಠಿತವಾಗುತ್ತದೆ. ತಣ್ಣನೆಯ ದೇಶಗಳಿಗಾಗಿ ರೂಪುಗೊಂಡ ದಪ್ಪ ಜಲನಿರೋಧಕ ಸೂಟನ್ನು ತೊಟ್ಟು ಮೇ ತಿಂಗಳಲ್ಲಿ ತೋರಣಗಲ್ಲಿಗೆ ಹೋಗುವವನು ಹೊರಗಿನ ನೀರನ್ನು ತಡೆದು ಒಳಗಿನ ಬೆವರಿನಲ್ಲಿ ನೆನೆಯುತ್ತಾನೆ. ಎರಡನೆಯ ವಾರಕ್ಕೆ ಆ ಸೂಟು ಗೂಟಕ್ಕೆ ಏರುತ್ತದೆ. ಆಮೇಲೆ ಹತ್ತಿಯ ಅಂಗಿಯೇ ಗತಿ.

ಆದ್ದರಿಂದ ಹೊಸಪೇಟೆ, ಸಂಡೂರು, ಕಂಪ್ಲಿಗಳ ನಿತ್ಯದ ಓಡಾಟಕ್ಕೆ ಗಾಳಿಯಾಡುವ ಜಾಲರಿ ಬಟ್ಟೆಯ ಸೂಟು, 'ಎ' ದರ್ಜೆಗೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ 'ಎಎ'. ಅದರ ಮೇಲೆ ಮಡಚಿ ಇಡಬಹುದಾದ, ಹೊಲಿಗೆಗೆ ಒಳಗಿನಿಂದ ಪಟ್ಟಿ ಅಂಟಿಸಿದ ಮಳೆಯಂಗಿ. ಈ ಸೀಮೆಗೆ ಇದಕ್ಕಿಂತ ತಕ್ಕುದಿಲ್ಲ. ಹೊಂಬುಜ, ಕಾರ್ಕಳ, ಮೂಡುಬಿದಿರೆಗಳಿಗೆ ಘಟ್ಟದ ಮೇಲೆ ಹಾದು ಯಾತ್ರೆ ಹೋಗುವವನಿಗೆ ಮಾತ್ರ ಪೊರೆ ಅಂಟಿಸಿದ 'ಎಎ' ದರ್ಜೆಯ ಸೂಟು ಸಾರ್ಥಕ. ಅವನಿಗೂ ಒಂದು ಮಾತು ಉಂಟು. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನೆಲೆಸುವುದು ಮಳೆಗಾಲದಲ್ಲಿ ನೆಲದ ತುಂಬ ಹುಟ್ಟುವ ಜೀವರಾಶಿಗೆ ಬಾಧೆಯಾಗದಿರಲೆಂದು. ಉಡುಪು ಜಲನಿರೋಧಕವೆಂಬ ಧೈರ್ಯದಿಂದ ಅದೇ ತಿಂಗಳುಗಳಲ್ಲಿ ಆಗುಂಬೆಯ ತಿರುವುಗಳಲ್ಲಿ ಕಪ್ಪೆ ಏಡಿಗಳ ಮೇಲೆ ಚಕ್ರ ಹಾಯಿಸುವುದನ್ನು ಯಾತ್ರೆಯೆನ್ನಲಾಗದು. ಅದನ್ನು ಕಾರ್ತಿಕ ಕಳೆದ ಮೇಲೆ ಇಟ್ಟುಕೊಂಡರೆ ಮಳೆಯ ಸೂಟಿನ ಅರ್ಧ ಖರ್ಚೂ ಉಳಿದೀತು. ಸಂಡೂರಿನ ಅದಿರಿನ ಹುಡಿ ಪೊರೆಯ ಮೇಲೂ ಜಿಪ್ಪಿನ ಹಲ್ಲುಗಳಲ್ಲೂ ಕೂರುವುದರಿಂದ ಮೃದುವಾದ ಸೋಪಿನಲ್ಲಿ ಆಗಾಗ ಕೈಯಿಂದ ತೊಳೆಯಬೇಕಾದುದೂ ಅವಶ್ಯ.

"ದೇಹದ ಮೇಲೆ ಇಷ್ಟು ಮೋಹವೇಕೆ, ಆಯುಷ್ಯಕರ್ಮ ಇದ್ದಷ್ಟು ದಿನ" ಎಂದು ಹಿರಿಯರು ಕೆಲವರು ಆಕ್ಷೇಪಿಸುತ್ತಾರೆ. ಅದೇ ಹಿರಿಯರು ಅಂಗಡಿಗೆ ಮೂರು ಬೀಗ ಹಾಕುತ್ತಾರೆ, ಸರಕಿಗೆ ವಿಮೆ ಮಾಡಿಸುತ್ತಾರೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನೇ ಅದರ ಮೂಲದಲ್ಲಿ ಇಟ್ಟಿದೆ. ಅಜಾಗರೂಕತೆಯಿಂದ ಕಳೆಯುವ ಪ್ರಾಣ ತನ್ನದೇ ಆದರೆ ಅದು ಪ್ರಮಾದವಲ್ಲವೆಂದು ಹೇಳಲು ಯಾವ ಆಧಾರವಿದೆ? ಪರಿಗ್ರಹದ ಭಯವಿದ್ದವರು ಎರಡನೆಯ ಗಾಡಿಯನ್ನು ಬಿಡಲಿ. ಗಾಡಿಗೆ ಲಕ್ಷಗಟ್ಟಲೆ ತೆತ್ತವನಿಗೆ ಅದರ ಹತ್ತನೆಯ ಒಂದು ಪಾಲನ್ನು ಉಡುಪಿಗೆ ಕೊಡುವಾಗ ಅಪರಿಗ್ರಹ ನೆನಪಾಗುವುದು ಅನುಕೂಲದ ನೆನಪು.

ಭಾನುವಾರದ ಬೆಳಗ್ಗೆ ಕಮಲಾಪುರದಿಂದ ಕಂಪ್ಲಿಯ ಕಡೆ ಹೋಗುವ ರಸ್ತೆಯಲ್ಲಿ, 1385ರಲ್ಲಿ ಇರುಗಪ್ಪ ದಂಡನಾಯಕನು ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದ ಗಾಣಗಿತ್ತಿ ಬಸದಿಯ ಮುಂದೆ, ಇಬ್ಬಿಬ್ಬರು ಕುಳಿತ ಗಾಡಿಗಳು ಬಂದು ನಿಲ್ಲುತ್ತವೆ. ಮುಂದಿನವನ ಮೈಮೇಲೆ ಈಚೆಗೆ ಜರ್ಕಿನ್ನು, ಕೈಗವಸು, ಬೂಟು ಎಲ್ಲವೂ ಕಾಣತೊಡಗಿವೆ. ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತ ತಾಯಿಗೋ ಹೆಂಡತಿಗೋ ಚಪ್ಪಲಿ, ರೇಷ್ಮೆಯ ಸೀರೆ, ಚಕ್ರಕ್ಕೆ ಸೆರಗು ಸಿಕ್ಕದಂತೆ ತಡೆಯುವ ಒಂದು ಕಬ್ಬಿಣದ ಕಂಬಿ. ಹೆಂಗಸರ ಅಳತೆಯ ಸೂಟು ಇಲ್ಲಿನ ಅಂಗಡಿಗಳಲ್ಲಿ ಏಕಿಲ್ಲವೆಂದರೆ ಕೇಳುವವರಿಲ್ಲ ಎಂಬ ಉತ್ತರ ಬರುತ್ತದೆ. ವ್ಯಾಪಾರಿಯ ಆ ಉತ್ತರದಲ್ಲಿ ಸುಳ್ಳಿಲ್ಲ. ಒಂದು ಮನೆಗೆ ಒಂದೇ ಸೂಟು ಕೊಳ್ಳುವಷ್ಟು ಹಣವಿದ್ದರೆ ಅದು ಮೊದಲು ಯಾರ ಅಳತೆಗೆ ಬರಬೇಕೆಂಬುದನ್ನು ಆ ಮನೆಯ ಗಂಡಸರು ಹಿಂದಿನ ಸೀಟಿನಲ್ಲಿ ಒಮ್ಮೆ ಕುಳಿತು ಸಂಡೂರಿನವರೆಗೆ ಹೋಗಿಬಂದು ತೀರ್ಮಾನಿಸಲಿ.